ಸೈನು ಹಾಕುವ ಮುಂಚೆ ಒಂದು ಲೆಕ್ಕ

ಕಳೆದ ವರ್ಷ ಮೇ ತಿಂಗಳ ಒಂದು ಭಾನುವಾರ. ಚನ್ನರಾಯಪಟ್ಟಣದಿಂದ ಅಳಿಯಂದಿರೂ ಮೊಮ್ಮಗಳೂ ಹಾಸನದ ನಮ್ಮ ಮನೆಗೆ ಬಂದರು. ಎಂದಿನಂತೆ ಚೀಲದಲ್ಲಿ ನಾಲ್ಕು ತೆಂಗಿನಕಾಯಿ ಇತ್ತು. ಜೊತೆಗೆ ಎಂದಿನಂತಲ್ಲದ ಒಂದು ನೀಲಿ ಫೈಲೂ ಇತ್ತು. ಕಾಫಿ ಮುಗಿಯುವವರೆಗೆ ಯಾರೂ ಆ ಫೈಲಿನ ಸುದ್ದಿ ಎತ್ತಲಿಲ್ಲ. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ಅಂಚಿನಲ್ಲಿ ಕೂರುವವರು ಯಾಕೆ ಬಂದಿರುತ್ತಾರೆ ಅಂತ ನನಗೆ ಗೊತ್ತು. ಸಾಲಕ್ಕೆ.

"ಮಾವ, ಪುಟ್ಟಿಗೆ ಬೆಂಗಳೂರಿನ ಕಾಲೇಜಲ್ಲಿ ಸೀಟು ಸಿಕ್ಕಿದೆ. ಎಕನಾಮಿಕ್ಸ್ ಡಿಗ್ರಿ. ಬ್ಯಾಂಕಿನೋರು ಸಾಲ ಕೊಡ್ತಾರಂತೆ. ನನ್ನ ಹೆಸರಲ್ಲಿ ಹಳೇ ಬೆಳೆಸಾಲದ ಬಾಕಿ ತೋರಿಸ್ತಿದೆ. ಪಿಂಚಣಿ ಇರೋರು ಯಾರಾದ್ರೂ ಜೊತೆಗೆ ಸೈನು ಹಾಕಿದ್ರೆ ಆಗುತ್ತೆ ಅಂದ್ರು," ಎಂದರು ಅಳಿಯಂದಿರು, ನೆಲ ನೋಡುತ್ತಾ.

ಪುಟ್ಟಿ ಫೈಲು ತೆರೆದು ಕೊನೆಯ ಪುಟ ತೋರಿಸಿದಳು. ಸಹ-ಸಾಲಗಾರರ ಸಹಿ ಎಂಬಲ್ಲಿ ಯಾರೋ ಸೀಸದಕಡ್ಡಿಯಲ್ಲಿ ಒಂದು ಸಣ್ಣ ಇಂಟು ಗುರುತು ಹಾಕಿದ್ದರು. "ತಾತ, ಇಲ್ಲಿ ಸೈನು ಹಾಕಿದ್ರೆ ಸಾಕು," ಅಂದಳು.

ಆ ಇಂಟು ಗುರುತು ನೋಡಿದ ಕೂಡಲೇ ನನಗೆ ಅರಕಲಗೂಡು ನೆನಪಾಯಿತು.

2003ನೇ ಇಸವಿ. ಆಗ ನಾನು ಆ ಕಡೆಯ ಒಂದು ಶಾಖೆಯಲ್ಲಿದ್ದೆ. ಬ್ಯಾಂಕುಗಳು ಶಿಕ್ಷಣ ಸಾಲವನ್ನು ಈಗಿನ ರೀತಿಯಲ್ಲಿ ಎಲ್ಲರಿಗೂ ಕೊಡಲು ಶುರುಮಾಡಿದ್ದು 2001ರಲ್ಲಿ, ಬ್ಯಾಂಕುಗಳ ಸಂಘ ಒಂದು ಮಾದರಿ ಯೋಜನೆ ಮಾಡಿದ ಮೇಲೆ. ನಮ್ಮ ಶಾಖೆಗೂ ಅದು ಹೊಸದು. ನಾಲ್ಕು ಲಕ್ಷದವರೆಗೆ ಯಾವ ಆಧಾರವೂ ಬೇಡ, ಅದಕ್ಕಿಂತ ಹೆಚ್ಚಾದರೆ ಮೂರನೆಯವರೊಬ್ಬರ ಜಾಮೀನು ಬೇಕು ಎಂಬ ನಿಯಮವಿತ್ತು. ಹೊಗೆಸೊಪ್ಪು, ಆಲೂಗಡ್ಡೆ ಬೆಳೆಯುವ ಒಬ್ಬ ಹಿರಿಯರು ಮೊಮ್ಮಗನ ಜೊತೆ ಬಂದರು. ಹುಡುಗ ಅರ್ಥಶಾಸ್ತ್ರ ಇದ್ದ ಬಿ.ಎ. ಮುಗಿಸಿ ಬೆಂಗಳೂರಿನಲ್ಲಿ ಎಂ.ಬಿ.ಎ. ಸೇರುವವನಿದ್ದ. ಸಾಲ ನಾಲ್ಕೂವರೆ ಲಕ್ಷ. ಜಾಮೀನು ತಾತನದು.

ಅವರು ಕನ್ನಡಕ ಇಲ್ಲದೆ ಬಂದಿದ್ದರು. "ಏನು ಸ್ವಾಮಿ ಇದು?" ಅಂತ ಕೇಳಿದರು. ಕೌಂಟರಿನಲ್ಲಿ ಜನ ನಿಂತಿದ್ದರು, ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಸೀಸದಕಡ್ಡಿಯಲ್ಲಿ ಇಂಟು ಹಾಕಿ, "ಏನಿಲ್ಲ ಯಜಮಾನ್ರೇ, ಬರೀ ಫಾರ್ಮಾಲಿಟಿ. ಇಲ್ಲಿ ಸೈನು ಹಾಕಿ" ಅಂದೆ. ಅವರು ಹಾಕಿದರು. ಅಕ್ಷರ ಮುತ್ತಿನಂತಿದ್ದವು. ನಾಲ್ಕನೇ ಇಯತ್ತೆಯವರೆಗೆ ಓದಿದ್ದರಂತೆ.

ಆಮೇಲೆ ಏನಾಯಿತು ನೋಡಿ. ಎರಡು ವರ್ಷದ ಓದು, ಒಂದು ವರ್ಷದ ರಜೆ ಅವಧಿ. ಬ್ಯಾಂಕಿನ ಭಾಷೆಯಲ್ಲಿ ಇದನ್ನು ಮೊರಟೋರಿಯಂ ಅನ್ನುತ್ತಾರೆ. ಕಂತಿಗೆ ಮಾತ್ರ ರಜೆ, ಬಡ್ಡಿಗೆ ರಜೆ ಇಲ್ಲ. ಮೂರು ವರ್ಷ ತುಂಬುವಾಗ ನಾಲ್ಕೂವರೆ ಲಕ್ಷ ಹೋಗಿ ಐದು ಲಕ್ಷದ ಎಪ್ಪತ್ಮೂರು ಸಾವಿರ ಆಗಿತ್ತು. ಆಗ ಏಳು ವರ್ಷದಲ್ಲಿ ತೀರಿಸಬೇಕಿತ್ತು. ತಿಂಗಳ ಕಂತು ಒಂಬತ್ತು ಸಾವಿರದ ಎಂಟುನೂರು ಚಿಲ್ಲರೆ. ಹುಡುಗನಿಗೆ ಸಿಕ್ಕ ಸಂಬಳ ಎಂಟು ಸಾವಿರ. ಅಷ್ಟೋ ಇಷ್ಟೋ ಕಟ್ಟುತ್ತಾ ಹೋದ. 2008ರಲ್ಲಿ ಅಮೆರಿಕದ ಬ್ಯಾಂಕುಗಳು ಬಿದ್ದವಲ್ಲ, ಆ ಗಾಳಿಗೆ ಅವನ ಕೆಲಸವೂ ಹೋಯಿತು. ಅರಕಲಗೂಡು ತಾಲ್ಲೂಕಿನ ಹಳ್ಳಿಯೊಂದರ ಜಗಲಿಗೆ ಜಾಮೀನುದಾರರ ಹೆಸರಿಗೆ ನೋಟಿಸು ಬಂತು.

ಅವರು ನೋಟಿಸನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ನೇರ ನನ್ನ ಕೌಂಟರಿಗೇ ಬಂದರು. ಈ ಸಲ ಕನ್ನಡಕ ತಂದಿದ್ದರು. ಬೈಯಲಿಲ್ಲ. "ನೀವು ಆವತ್ತು ಒಂದ್ ಮಾತು ಹೇಳಬೌದಿತ್ತು ಸ್ವಾಮಿ. ಹೇಳಿದ್ರೆ ಸೈನು ಹಾಕ್ತಿರಲಿಲ್ಲ ಅಂತಲ್ಲ. ಗೊತ್ತಿದ್ದು ಹಾಕ್ತಿದ್ದೆ," ಅಂದರು.

ಮ್ಯಾನೇಜರರ ಬಳಿ ನಾನೇ ಕರೆದುಕೊಂಡು ಹೋದೆ. ಕಂತಿನ ಅವಧಿ ಹೆಚ್ಚಿಸಿಕೊಟ್ಟರು. ಆದರೂ ಆ ವರ್ಷದ ಬಾಕಿಗೆ ಅವರು ಒಂದು ಜೊತೆ ಎತ್ತು ಮಾರಿದರು. ಹುಡುಗ ಆಮೇಲೆ ಬೇರೆ ಕೆಲಸ ಹಿಡಿದು ಪೂರ್ತಿ ತೀರಿಸಿದ, ಅದು ಬೇರೆ ಮಾತು. ಎತ್ತು ವಾಪಸ್ ಬರಲಿಲ್ಲ.

ಆದ್ದರಿಂದ ಅಂದು ಪುಟ್ಟಿಗೆ ಹೇಳಿದೆ: "ಸೈನು ಆಮೇಲೆ. ಮೊದಲು ಒಂದು ನೋಟ್‌ಬುಕ್ ತಗೊಂಡು ಬಾ."

ಮಕ್ಕಳೇ, ನೀವೂ ಪೆನ್ನು ಹಿಡಿಯಿರಿ. ಲೆಕ್ಕ ಕಷ್ಟದ್ದಲ್ಲ, ಏಳನೇ ತರಗತಿಯ ಸರಳ ಬಡ್ಡಿ ಗೊತ್ತಿದ್ದರೆ ಸಾಕು.

ಕಾಲೇಜಿಗೆ ವರ್ಷಕ್ಕೆ ಎರಡು ಲಕ್ಷ, ಮೂರು ವರ್ಷಕ್ಕೆ ಆರು ಲಕ್ಷ. ಊಟ-ವಸತಿಗೆ ತೋಟದ ಆದಾಯ ಎಂದು ಅಳಿಯಂದಿರು ಹೇಳಿದ್ದರು, ಅದನ್ನು ಬಿಟ್ಟುಬಿಡೋಣ. ಬಡ್ಡಿ ನೂರಕ್ಕೆ ಹತ್ತು ಅಂತ ಇಟ್ಟುಕೊಳ್ಳಿ. ಮೊದಲ ವರ್ಷ ಎರಡು ಲಕ್ಷಕ್ಕೆ ಬಡ್ಡಿ 20,000. ಎರಡನೇ ವರ್ಷ ನಾಲ್ಕು ಲಕ್ಷಕ್ಕೆ 40,000. ಮೂರನೇ ವರ್ಷ ಆರು ಲಕ್ಷಕ್ಕೆ 60,000. ಓದು ಮುಗಿದ ಮೇಲಿನ ಒಂದು ವರ್ಷದ ರಜೆಗೆ ಮತ್ತೆ 60,000. ಕೂಡಿಸಿ. ಒಂದು ಲಕ್ಷದ ಎಂಬತ್ತು ಸಾವಿರ. ಅಂದರೆ ಮೊದಲ ಕಂತು ಕಟ್ಟುವ ದಿನ ಸಾಲ ಆರು ಲಕ್ಷವಲ್ಲ, ಏಳು ಲಕ್ಷದ ಎಂಬತ್ತು ಸಾವಿರ.

ಇದನ್ನು ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ 10,308 ರೂಪಾಯಿ. ನೂರಿಪ್ಪತ್ತು ತಿಂಗಳಿಗೆ ಹನ್ನೆರಡು ಲಕ್ಷದ ಮೂವತ್ತೇಳು ಸಾವಿರದ ಹತ್ತಿರ. ಹದಿನೈದು ವರ್ಷಕ್ಕೆ ಎಳೆದರೆ ಕಂತು 8,382ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಕಟ್ಟುವುದು ಹದಿನೈದು ಲಕ್ಷ ದಾಟುತ್ತದೆ. ಕಂತು ಚಿಕ್ಕದು ಎಂದು ಖುಷಿಪಡುವವರು ಈ ಎರಡನೇ ಅಂಕಿ ನೋಡುವುದೇ ಇಲ್ಲ. ಕೌಂಟರಿನಲ್ಲಿ ಕೂತು ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಪುಟ್ಟಿ ಕೇಳಿದಳು, "ಓದುವಾಗಲೇ ಬಡ್ಡಿ ಕಟ್ಟಿಬಿಟ್ರೆ?"

ಒಳ್ಳೆಯ ಪ್ರಶ್ನೆ. ಹಾಗೆ ಕಟ್ಟಬಹುದು, ಬ್ಯಾಂಕು ಬೇಡ ಅನ್ನುವುದಿಲ್ಲ. ಮೊದಲ ವರ್ಷ ತಿಂಗಳಿಗೆ ಸುಮಾರು 1,667, ಎರಡನೇ ವರ್ಷ 3,333, ಆಮೇಲೆ 5,000. ಕಟ್ಟುತ್ತಾ ಬಂದರೆ ಹತ್ತು ವರ್ಷದ ಕಂತು 7,929ಕ್ಕೆ ನಿಲ್ಲುತ್ತದೆ, ಎಲ್ಲ ಸೇರಿ ಒಂದು ಲಕ್ಷಕ್ಕೂ ಸ್ವಲ್ಪ ಹೆಚ್ಚು ಉಳಿಯುತ್ತದೆ. ಹೀಗೆ ಕಟ್ಟುವವರಿಗೆ ಬಡ್ಡಿಯಲ್ಲಿ ಶೇಕಡಾ ಒಂದರಷ್ಟು ರಿಯಾಯಿತಿ ಕೊಡುವ ಅವಕಾಶವೂ ಬ್ಯಾಂಕುಗಳ ಮಾದರಿ ಯೋಜನೆಯಲ್ಲಿದೆ. ಕೇಳಿದವರಿಗೆ ಸಿಗುತ್ತದೆ, ಕೇಳದವರಿಗೆ ನೆನಪಿಸುವವರು ಕಡಿಮೆ.

ಇನ್ನು ನನ್ನ ವಯಸ್ಸು. ಆಗ ಎಪ್ಪತ್ತನಾಲ್ಕು. ಮೂರು ವರ್ಷ ಓದು, ಒಂದು ವರ್ಷ ರಜೆ, ಹತ್ತು ವರ್ಷ ಕಂತು. ಕೊನೆಯ ಕಂತಿನ ದಿನ ನನಗೆ ಎಂಬತ್ತೆಂಟು. "ಅಷ್ಟು ಹೊತ್ತಿಗೆ ಹಾರ ಹಾಕಿಸ್ಕೊಂಡು ಗೋಡೆ ಮೇಲಿರ್ತೀರಿ," ಅಂದಳು ನಮ್ಮಾಕೆ ಅಡುಗೆಮನೆಯಿಂದ. ನಗುವ ಮಾತಲ್ಲ ಅದು. ನನ್ನ ವಾರಿಗೆಯ ತಾತ-ಅಜ್ಜಿಯರು ಇದೊಂದನ್ನು ತಿಳಿದಿರಬೇಕು. ಸಹ-ಸಾಲಗಾರ ಎಂದರೆ ಸಾಕ್ಷಿ ಅಲ್ಲ. ಸಾಲ ಅರ್ಧ ಅವಳದು, ಅರ್ಧ ನಿಮ್ಮದು ಅಂತಲೂ ಅಲ್ಲ. ಪೂರ್ತಿ ಸಾಲ ಇಬ್ಬರದೂ. ಕಂತು ತಪ್ಪಿದರೆ ಸಿಬಿಲ್ ದಾಖಲೆಯಲ್ಲಿ ಇಬ್ಬರ ಹೆಸರೂ ಕೆಡುತ್ತದೆ.

ನಮ್ಮ ಕಾಲದಲ್ಲಿ ಹೇಗಿತ್ತು ಎಂದು ಪುಟ್ಟಿ ಕೇಳಿದಳು. ಹೇಳಿದೆ.

ನಾನೂ ಸಾಲ ಮಾಡಿಯೇ ಬಿ.ಕಾಂ. ಓದಿದವನು. ಹೊಳೆನರಸೀಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅಪ್ಪನಿಗೆ ಒಂದೂವರೆ ಎಕರೆ ಗದ್ದೆ. ಕೇಂದ್ರ ಸರ್ಕಾರ 1963ರಲ್ಲಿ ಶುರುಮಾಡಿದ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಅಂತ ಒಂದಿತ್ತು. ಅಂಕ ಚೆನ್ನಾಗಿದ್ದು ಮನೆಯಲ್ಲಿ ಇಲ್ಲದವರಿಗೆ ಕೊಡುತ್ತಿದ್ದರು. ಹೆಸರು ವಿದ್ಯಾರ್ಥಿವೇತನ, ಆದರೆ ವಾಪಸ್ ಕಟ್ಟಬೇಕು. ಬಡ್ಡಿ ಮಾತ್ರ ಇಲ್ಲ. ನನಗೆ ವರ್ಷಕ್ಕೆ 720 ರೂಪಾಯಿ ಬಂತು, ಮೂರು ವರ್ಷಕ್ಕೆ 2,160. 1972ರಲ್ಲಿ ಬಿ.ಕಾಂ. ಮುಗಿಯಿತು, ಮರುವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾದೆ. ಸಂಬಳ ಮುನ್ನೂರು ಚಿಲ್ಲರೆ. ಅಂದರೆ ನನ್ನ ಇಡೀ ಸಾಲ ಏಳು ತಿಂಗಳ ಸಂಬಳ. ಜೊತೆಯಲ್ಲಿ ಓದಿದ ಗೆಳೆಯನೊಬ್ಬ ಮೇಷ್ಟ್ರಾದ. ಅವನಿಗೆ ಇನ್ನೂ ಅನುಕೂಲ. ಪಾಠ ಹೇಳುವ ಕೆಲಸ ಹಿಡಿದವರಿಗೆ ಒಂದೊಂದು ವರ್ಷದ ಸೇವೆಗೂ ಸಾಲದ ಹತ್ತನೇ ಒಂದು ಪಾಲು ಮನ್ನಾ ಆಗುತ್ತಿತ್ತು.

ಈಗ ಪುಟ್ಟಿಯ ಲೆಕ್ಕ. ಮೊದಲ ಸಂಬಳ ತಿಂಗಳಿಗೆ 25,000 ಅಂತಲೇ ಇಟ್ಟುಕೊಳ್ಳೋಣ. 7,80,000 ಎಂದರೆ ಮೂವತ್ತೊಂದು ತಿಂಗಳ ಸಂಬಳ. ತಾತನಿಗೆ ಏಳು, ಮೊಮ್ಮಗಳಿಗೆ ಮೂವತ್ತೊಂದು. "ನಾವೆಲ್ಲ ಬೀದಿದೀಪದಲ್ಲಿ ಓದಿ ಮೇಲೆ ಬಂದೆವು, ಈಗಿನವರಿಗೆ ಏನು ಕಷ್ಟ?" ಎಂದು ಪಾರ್ಕಿನ ಬೆಂಚಿನ ಮೇಲೆ ಕೂತು ಹೇಳುವ ನನ್ನ ಸ್ನೇಹಿತರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದು ನೋಡಬೇಕು.

ಇನ್ನೊಂದು ನಿಜವನ್ನೂ ಒಪ್ಪಿಕೊಳ್ಳಬೇಕು. ನನಗೆ ಕೆಲಸ ಸಿಕ್ಕಿದ್ದು ನನ್ನ ಬಿ.ಕಾಂ. ಜಾಣತನದಿಂದ ಮಾತ್ರ ಅಲ್ಲ. 1969ರ ಜುಲೈನಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಆಮೇಲೆ ತಾಲ್ಲೂಕು, ಹೋಬಳಿಗಳಲ್ಲೆಲ್ಲ ಶಾಖೆ ತೆರೆದರು. ಲೆಡ್ಜರು ಬರೆಯಲು ಕೈಗಳು ಬೇಕಿದ್ದವು. ನನ್ನ ಕೈ ಆ ಹೊತ್ತಿಗೆ ಸರಿಯಾಗಿ ಖಾಲಿ ಇತ್ತು. ಡಿಗ್ರಿಯ ಬೆಲೆ ಡಿಗ್ರಿಯಲ್ಲಿ ಎಷ್ಟಿದೆಯೋ, ಅದು ಮುಗಿದ ವರ್ಷದಲ್ಲೂ ಅಷ್ಟೇ ಇದೆ. ಅರಕಲಗೂಡಿನ ಆ ಹುಡುಗ ನನಗಿಂತ ದಡ್ಡನಾಗಿರಲಿಲ್ಲ.

ಹಾಗಾದರೆ ಅರ್ಥಶಾಸ್ತ್ರ ಓದಿದರೆ ಎಷ್ಟು ಸಂಬಳ? ಇದಕ್ಕೆ ಪುಟ್ಟಿ ಫೈಲಿನಿಂದ ಕಾಲೇಜಿನ ಬಣ್ಣದ ಪುಸ್ತಿಕೆ ತೆಗೆದಳು. ಒಬ್ಬ ಹುಡುಗನ ಫೋಟೊ, ಕೆಳಗೆ ದಪ್ಪ ಅಕ್ಷರದಲ್ಲಿ ಹದಿನೆಂಟು ಲಕ್ಷದ ಪ್ಯಾಕೇಜು.

ಆ ಪುಸ್ತಿಕೆಯ ಮೇಲೆ ನಾವು ತುಂಬ ಹೊತ್ತು ಕೂತೆವು. ಹತ್ತು ಜನ ಓದಿದರು ಅಂತಿಟ್ಟುಕೊಳ್ಳಿ. ಒಂಬತ್ತು ಜನಕ್ಕೆ ತಿಂಗಳಿಗೆ 20,000, ಒಬ್ಬನಿಗೆ ಎರಡು ಲಕ್ಷ. ಸರಾಸರಿ ತೆಗೆಯಿರಿ. 38,000 ಬರುತ್ತದೆ. ಆ ಹತ್ತು ಜನರಲ್ಲಿ 38,000 ಎಣಿಸುವವನು ಒಬ್ಬನೂ ಇಲ್ಲ! ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ ನಡುವಿನವನನ್ನು ಕೇಳಿದರೆ 20,000 ಅನ್ನುತ್ತಾನೆ. ನಿಜ ಹೇಳುವವನು ಅವನು. ನಾನು ಕಾಲೇಜಿಗೆ ಫೋನು ಮಾಡಿ, "ಸ್ವಾಮಿ, ಎಷ್ಟು ಮಂದಿ ಓದು ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ನಡುವಿನವರ ಸಂಬಳ ಎಷ್ಟು?" ಎಂದು ಕೇಳಿದೆ. ವಾಟ್ಸಾಪಿನಲ್ಲಿ ಕಳಿಸುತ್ತೇವೆ ಅಂದರು. ಸಂಜೆ ಅದೇ ಹದಿನೆಂಟು ಲಕ್ಷದ ಹುಡುಗನ ಫೋಟೊ ಬಂತು.

ಇಂಗ್ಲೆಂಡಿನಲ್ಲಿ ತೆರಿಗೆ ದಾಖಲೆಗಳನ್ನೇ ಇಟ್ಟುಕೊಂಡು ಯಾವ ಡಿಗ್ರಿಯವರು ಎಷ್ಟು ದುಡಿಯುತ್ತಾರೆ ಎಂದು ಲೆಕ್ಕ ಹಾಕಿದ್ದಾರೆ. ಅಲ್ಲಿ ಅರ್ಥಶಾಸ್ತ್ರದವರು ವೈದ್ಯರ ಜೊತೆಜೊತೆಗೆ ಮೇಲಿನ ಸಾಲಿನಲ್ಲಿದ್ದಾರೆ. ಅಳಿಯಂದಿರು ಇದನ್ನೇ ಎಲ್ಲೋ ಕೇಳಿ, ಎಕನಾಮಿಕ್ಸ್‌ಗೆ ಬಲು ಬೆಲೆ ಅಂದಿದ್ದರು. ಸುಳ್ಳಲ್ಲ. ಆದರೆ ಅಲ್ಲಿಯ ಅರ್ಥಶಾಸ್ತ್ರದ ಹೊಟ್ಟೆಯಲ್ಲಿ ಗಣಿತ ತುಂಬಿರುತ್ತದೆ. ನಮ್ಮಲ್ಲಿ ಅರ್ಥಶಾಸ್ತ್ರ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಓದುಗಳಿವೆ. ಒಂದು ಎಚ್‌ಇಪಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಇನ್ನೊಂದು ಗಣಿತವೋ ಸಂಖ್ಯಾಶಾಸ್ತ್ರವೋ ಜೊತೆಗಿರುವ ಅರ್ಥಶಾಸ್ತ್ರ. ಎರಡೂ ಒಳ್ಳೆಯವೇ, ಆದರೆ ಅವು ತೆರೆಯುವ ಬಾಗಿಲುಗಳು ಬೇರೆ. ಎಸ್ಸೆಸ್ಸೆಲ್ಸಿ ಮುಗಿಸುವ ಮಕ್ಕಳೇ, ಗಣಿತ ಕಂಡರೆ ಆಗದು ಅಂತ ಕಾಮರ್ಸಿಗೋ ಆರ್ಟ್ಸಿಗೋ ಓಡಿಬರುವವರು ಇದನ್ನು ಗಮನಿಸಿ. ಅರ್ಥಶಾಸ್ತ್ರದ ಮೇಲಿನ ಮೆಟ್ಟಿಲುಗಳಲ್ಲಿ ಗಣಿತ ಕಾದು ಕೂತಿರುತ್ತದೆ. ಪುಟ್ಟಿ ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ಇರುವ ಎಸ್‌ಇಬಿಎ ತೆಗೆದುಕೊಂಡಿದ್ದಳು. ಪುಣ್ಯ.

ಅದೇ ಇಂಗ್ಲೆಂಡಿನ ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಅಲ್ಲಿ 2023ರ ಆಗಸ್ಟ್‌ನಿಂದ ಡಿಗ್ರಿ ಸೇರಿದವರು ವರ್ಷಕ್ಕೆ 25,000 ಪೌಂಡಿಗಿಂತ ಮೇಲೆ ದುಡಿದರೆ, ಆ ಮೇಲಿನ ಹಣದ ಶೇಕಡಾ 9 ಭಾಗ ಸಾಲಕ್ಕೆ ಹೋಗುತ್ತದೆ. ಕೆಲಸ ಹೋದರೆ ಕಂತೂ ನಿಲ್ಲುತ್ತದೆ. 40 ವರ್ಷದಲ್ಲಿ ತೀರದಿದ್ದರೆ ಮನ್ನಾ. ಜಾಮೀನಿಗೆ ಯಾರ ತಾತನೂ ಬೇಕಿಲ್ಲ. ನಮ್ಮಲ್ಲಿ ಕಂತು ಕ್ಯಾಲೆಂಡರು ನೋಡಿಕೊಂಡು ಬರುತ್ತದೆ, ಸಂಬಳದ ಚೀಟಿ ನೋಡುವುದಿಲ್ಲ. ನಮ್ಮ ಸರ್ಕಾರವೂ ಡಿಗ್ರಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರು ಇದ್ದಾರೆ ಅಂತ ತಿಳಿದೇ ಯುವನಿಧಿ ಮಾಡಿದೆ. ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಕಂತು ನೆನಪಿದೆಯಲ್ಲ? 10,308.

ಸಹಾಯದ ಯೋಜನೆಗಳು ಇಲ್ಲವೆಂದಲ್ಲ. ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಈಗ ಸರ್ಕಾರದ ಖಾತರಿ ನಿಧಿ ಇದೆ. ಅದರಡಿ ಬರುವ ಸಾಲಕ್ಕೆ ಆಸ್ತಿಯಾಗಲಿ ಮೂರನೆಯವರ ಜಾಮೀನಾಗಲಿ ಕೇಳುವಂತಿಲ್ಲ, ತಂದೆಯೋ ತಾಯಿಯೋ ಪೋಷಕರೋ ಸಹ-ಸಾಲಗಾರರಾದರೆ ಸಾಕು. ತೋಟದ ಪತ್ರ ಹಿಡಿದುಕೊಂಡು ಹೋಗುವವರು ಮೊದಲು ಇದನ್ನು ಕೇಳಿ. ಆದರೆ ಬಿ.ಎ. ಓದುವವರು ಎಡವುವ ಜಾಗ ಒಂದಿದೆ. ನಾಲ್ಕೂವರೆ ಲಕ್ಷದೊಳಗೆ ವರ್ಷದ ಆದಾಯ ಇರುವ ಮನೆಗಳಿಗೆ ಓದಿನ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುವ ಯೋಜನೆ 2009ರಿಂದ ಇದೆ. ಅದು ತಾಂತ್ರಿಕ, ವೃತ್ತಿಪರ ಕೋರ್ಸುಗಳಿಗೆ ಮಾತ್ರ. ನಮ್ಮ ರಾಜ್ಯದ ಅರಿವು ಸಾಲವೂ ವೃತ್ತಿಪರ ಓದಿನವರಿಗೇ. ಎಂಜಿನಿಯರಿಂಗಿನ ಪಕ್ಕದ ಮನೆ ಹುಡುಗನಿಗೆ ಬಡ್ಡಿ ಮನ್ನಾ ಆಯಿತು, ನಮಗೂ ಆಗುತ್ತದೆ ಅಂತ ನಂಬಿ ಅರ್ಜಿ ಹಾಕುವ ಅರ್ಥಶಾಸ್ತ್ರದ ಮಕ್ಕಳಿಗೆ ಬಡ್ಡಿ ಪೂರ್ತಿ ಮೈಮೇಲೆ ಬರುತ್ತದೆ. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಈ ಭೇದ ಇಲ್ಲ. ಎಂಟು ಲಕ್ಷದೊಳಗಿನ ಆದಾಯದವರಿಗೆ ಹತ್ತು ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇಕಡಾ 3 ರಿಯಾಯಿತಿ. ಆದರೆ ಕಾಲೇಜು ಸರ್ಕಾರದ ಪಟ್ಟಿಯಲ್ಲಿರಬೇಕು, ಸೀಟು ಅರ್ಹತೆಯ ಮೇಲೆ ಬಂದಿರಬೇಕು. ಪುಟ್ಟಿ ಮೊಬೈಲಿನಲ್ಲಿ ಪಟ್ಟಿ ಹುಡುಕಿದಳು. ಅವಳ ಕಾಲೇಜು ಅದರಲ್ಲಿರಲಿಲ್ಲ.

ಮುಖ ಸಣ್ಣದಾಯಿತು. ನನಗೂ ಬೇಜಾರಾಯಿತು. ಯಾಕೆಂದರೆ ಅವಳು ಬೆಂಗಳೂರಿನ ಆಸೆಗೆ ಅರ್ಥಶಾಸ್ತ್ರ ಹಿಡಿದವಳಲ್ಲ. ಅರಕಲಗೂಡಿನ ಸೋದರತ್ತೆಯ ಮನೆಯಲ್ಲಿ ಒಂದು ವರ್ಷ ಶುಂಠಿಗೆ ಚಿನ್ನದ ಬೆಲೆ, ಮರುವರ್ಷ ಊರೆಲ್ಲ ಶುಂಠಿ ಹಾಕಿ ಕೀಳುವ ಕೂಲಿಯೂ ಹುಟ್ಟಲಿಲ್ಲ. ಅದನ್ನು ಕಂಡು, ಎಲ್ಲರೂ ಜಾಣರೇ ಆದರೂ ಎಲ್ಲರೂ ಒಟ್ಟಿಗೆ ಹೇಗೆ ಸೋಲ್ತಾರೆ ತಾತ ಅಂತ ಕೇಳಿದವಳು. ಹಾಸನದ ಎಪಿಎಂಸಿಗೆ ಮೇ ತಿಂಗಳಲ್ಲಿ ದೂರದ ಜಲಂಧರಿನಿಂದ ಯಾಕೆ ಬಿತ್ತನೆ ಆಲೂಗಡ್ಡೆ ಲಾರಿ ಬರುತ್ತದೆ, ಅಂಗಮಾರಿ ರೋಗ ಬಂದ ಮೇಲೆ ಯಾಕೆ ಜನ ಜೋಳಕ್ಕೆ ತಿರುಗಿದರು ಎಂದೆಲ್ಲ ತಲೆ ತಿನ್ನುತ್ತಿದ್ದವಳು. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು 35 ಅಳತೆಗೋಲುಗಳಿಂದ ಅಳೆದು 114 ಹಿಂದುಳಿದಿವೆ ಅಂತ ತೋರಿಸಿಕೊಟ್ಟಿತ್ತು ಎಂದು ನಾನೊಮ್ಮೆ ಹೇಳಿದ್ದಕ್ಕೆ, ಒಂದು ತಾಲ್ಲೂಕನ್ನು ಅಳೆಯಬಹುದಾ ಎಂದು ಕಣ್ಣರಳಿಸಿದ್ದಳು. ಇಂಥ ಮಗುವಿಗೆ ಬೇರೆ ಏನಾದರೂ ಓದು ಅನ್ನುವುದು ಹೇಗೆ?

ಬೇರೆ ಓದು ಬೇಡ, ಬೇರೆ ದಾರಿ ನೋಡೋಣ ಅಂದೆ. ಅರ್ಥಶಾಸ್ತ್ರದ ಕೆಲಸಗಳ ಬಾಗಿಲು ಎಲ್ಲಿ ತೆರೆಯುತ್ತದೆ ಅಂತ ಒಂದೊಂದಾಗಿ ಬರೆದೆವು. ಬ್ಯಾಂಕಿನ ಗುಮಾಸ್ತರ ಪರೀಕ್ಷೆಗೆ ಯಾವ ಡಿಗ್ರಿಯಾದರೂ ಆದೀತು, ಮೂಲವೇತನ 24,050ರಿಂದ ಶುರು. ಎರಡು ಲಕ್ಷದ ಕಾಲೇಜಾದರೂ ಅಷ್ಟೇ, ಹೊಳೆನರಸೀಪುರದ ಸರ್ಕಾರಿ ಕಾಲೇಜಾದರೂ ಅಷ್ಟೇ. ಅರ್ಥಶಾಸ್ತ್ರವೇ ಬೇಕು ಅನ್ನುವ ಕೆಲಸಗಳೋ? ಕೇಂದ್ರದ ಇಂಡಿಯನ್ ಎಕನಾಮಿಕ್ ಸರ್ವಿಸ್‌ಗೆ ಸ್ನಾತಕೋತ್ತರ ಪದವಿ ಬೇಕು, ಮೂಲವೇತನ 56,100ರಿಂದ. ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರ ವಿಭಾಗದ ಅಧಿಕಾರಿಗೂ ಸ್ನಾತಕೋತ್ತರ. ಪಿಯು ಉಪನ್ಯಾಸಕರಿಗೂ ಸ್ನಾತಕೋತ್ತರ, ಜೊತೆಗೆ ಬಿ.ಇಡಿ. ಎನ್‌ಇಟಿಯಲ್ಲಿ ಜೆಆರ್‌ಎಫ್ ಬಂದರೆ ಸಂಶೋಧನೆಗೆ ತಿಂಗಳಿಗೆ 37,000. ಮೂರು ವರ್ಷದ ಡಿಗ್ರಿಯವರಿಗೆ ಅದೂ ಎಂ.ಎ. ಆದ ಮೇಲೆ.

ಪುಟ್ಟಿ ನೋಟ್‌ಬುಕ್ ನೋಡುತ್ತಾ ಅಂದಳು: "ಅಂದ್ರೆ ಮೊದಲ ಮೆಟ್ಟಿಲಿಗೇ ಆರು ಲಕ್ಷ ಸುರಿದ್ರೆ, ಎರಡನೇ ಮೆಟ್ಟಿಲಿಗೆ ದುಡ್ಡಿರಲ್ಲ."

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಉಳಿದದ್ದನ್ನು ಅವಳೇ ಮಾಡಿದಳು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕು ಕಡೆಯೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಊರಿಂದ ಹಾಸನಕ್ಕೆ ಮೂವತ್ತು-ನಲವತ್ತು ಕಿಲೋಮೀಟರ್ ಆಸುಪಾಸು. 2023ರ ಜೂನ್‌ನಿಂದ ಸಾರಿಗೆ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣ ಇಲ್ಲ. ಹಿಂದುಳಿದ ವರ್ಗದ, ಹಾಸ್ಟೆಲ್ ಸಿಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ಹತ್ತು ತಿಂಗಳು ಹಣ ಬರುತ್ತದೆ. ಎಂ.ಎ.ಗೆ ಹಾಸನದಲ್ಲೇ ಹೇಮಗಂಗೋತ್ರಿ ಇದೆ. ಮೈಸೂರು ವಿಶ್ವವಿದ್ಯಾಲಯದ ಕೇಂದ್ರವಾಗಿದ್ದದ್ದು ಆಮೇಲೆ ಹಾಸನ ವಿಶ್ವವಿದ್ಯಾಲಯವಾಯಿತು. ಇನ್ನೂ ಮೇಲೆ ಜಿಗಿಯುವುದಾದರೆ ಬೆಂಗಳೂರಿನಲ್ಲಿ 2017ರಲ್ಲಿ ಶುರುವಾದ ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್, ಅಥವಾ ವಿ.ಕೆ.ಆರ್.ವಿ. ರಾವ್ ಕಟ್ಟಿದ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್. ಬೆಂಗಳೂರಿನಲ್ಲಿ 1972ರಲ್ಲಿ ಐಸೆಕ್ ಎಂಬ ಸಂಶೋಧನಾ ಸಂಸ್ಥೆ ಕಟ್ಟಿದವರೂ ಅದೇ ರಾಯರು. ಅಲ್ಲಿಗೆ ಸೀಟು ಸಿಕ್ಕಿ, ಎರಡು ವರ್ಷಕ್ಕೆ ಎರಡು ಲಕ್ಷ ಸಾಲ ಮಾಡಿದಳೆನ್ನಿ. ರಜೆ ಅವಧಿ ಮುಗಿಯುವಾಗ ಅದು ಎರಡೂವರೆ ಲಕ್ಷ. ಐದೇ ವರ್ಷದಲ್ಲಿ ತೀರಿಸಿದರೂ ತಿಂಗಳಿಗೆ 5,312. ಆ ಸಾಲಕ್ಕಾದರೆ ನಾನು ಸಂತೋಷವಾಗಿ ಸೈನು ಹಾಕುತ್ತೇನೆ, ಕಣ್ಣು ಬಿಟ್ಟುಕೊಂಡೇ.

ನನ್ನ ಲೆಕ್ಕದಲ್ಲೂ ಅವಳೊಂದು ತಪ್ಪು ಹಿಡಿದಳು. "ತಾತ, ನೀವು ಫೀಸು, ಬಡ್ಡಿ ಮಾತ್ರ ಬರೆದಿದ್ದೀರಿ. ಪಿಯುಸಿ ಆದಮೇಲೆ ನಾನು ಅಂಗಡೀಲೋ ಗಾರ್ಮೆಂಟ್ಸಲ್ಲೋ ಕೆಲಸಕ್ಕೆ ಹೋಗಿದ್ರೆ ತಿಂಗಳಿಗೆ ಹನ್ನೆರಡು ಸಾವಿರ ಬರ್ತಿತ್ತು. ಮೂರು ವರ್ಷಕ್ಕೆ ನಾಲ್ಕು ಲಕ್ಷದ ಮೂವತ್ತೆರಡು ಸಾವಿರ. ಅದೂ ಓದಿನ ಖರ್ಚೇ ಅಲ್ವಾ?" ನಾನು ಪೆನ್ನು ಕೆಳಗಿಟ್ಟೆ. ಇಷ್ಟು ವರ್ಷ ಲೆಡ್ಜರು ಬರೆದರೂ ಬಾರದೇ ಹೋದ ಹಣವನ್ನು ಖರ್ಚಿನ ಕಾಲಂನಲ್ಲಿ ಬರೆಯುವುದು ನನಗೆ ಹೊಳೆದಿರಲಿಲ್ಲ. "ಆದ್ರೆ ಅದು ಎರಡು ಕಾಲೇಜಿಗೂ ಒಂದೇ. ಯಾವ ಕಾಲೇಜು ಅನ್ನೋ ಪ್ರಶ್ನೆಗೆ ಅದು ಲೆಕ್ಕಕ್ಕಿಲ್ಲ," ಎಂದು ಅವಳೇ ಹೊಡೆದೂ ಹಾಕಿದಳು. ಅಳಿಯಂದಿರು ಆ ದಿನ ಮೊದಲ ಸಲ ನಕ್ಕರು.

ಬೆಂಗಳೂರಿನ ಸೀಟು ಬಿಡುವಾಗ ಅವಳು ಅತ್ತಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಗೆಳತಿಯರಿಬ್ಬರು ಅಲ್ಲಿಗೇ ಹೋದರು. ದೊಡ್ಡ ಕಾಲೇಜಿನಲ್ಲಿ ಸಿಗುವ ಸಹವಾಸ, ಇಂಗ್ಲಿಷು, ಧೈರ್ಯ ಇವು ನನ್ನ ನೋಟ್‌ಬುಕ್ಕಿನ ಯಾವ ಕಾಲಂಗೂ ಸೇರಲಿಲ್ಲ. ಅವಕ್ಕೆ ಬೆಲೆ ಇಲ್ಲವೆಂದಲ್ಲ, ಬೆಲೆ ಹಾಕಲು ನನಗೆ ಬರಲಿಲ್ಲ. ಈಗ ಹಾಸನದ ಸರ್ಕಾರಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಾಳೆ. ಬೆಳಿಗ್ಗೆ ಚನ್ನರಾಯಪಟ್ಟಣದ ಬಸ್ಸಿಗೆ ಬರುತ್ತಾಳೆ, ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ವಾರಕ್ಕೆ ಮೂರು ಸಂಜೆ ನಮ್ಮ ಬೀದಿಯ ನಿವೃತ್ತ ಗಣಿತದ ಮೇಷ್ಟ್ರ ಹತ್ತಿರ ಹೋಗುತ್ತಾಳೆ. ಮಿಕ್ಕದ್ದಕ್ಕೆ ಸರ್ಕಾರದ್ದೇ ಸ್ವಯಂ ಎಂಬ ಜಾಲತಾಣದ ಉಚಿತ ಪಾಠಗಳಿವೆ.

ಕಳೆದ ತಿಂಗಳು ಕಾಲೇಜಿನಿಂದ ಒಂದು ಫಾರಂ ತಂದಳು. ಸ್ಥಳೀಯ ಪೋಷಕರ ಒಪ್ಪಿಗೆ ಪತ್ರ, ನಾಲ್ಕು ಪುಟ. "ತಾತ, ಬಸ್ಸಿಗೆ ಹೊತ್ತಾಯ್ತು. ಇಲ್ಲಿ ಸೈನು ಹಾಕಿ," ಅಂದಳು.

ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ. "ನನಗೆ ಕಾಣಿಸೋದಿಲ್ಲ. ಓದಿ ಹೇಳು," ಅಂದೆ.

ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಚೀಲ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು, ಮೊದಲ ಪುಟದ ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದಳು. ಆ ಬಸ್ಸು ತಪ್ಪಿತು. ಮುಂದಿನದು ಅರ್ಧ ಗಂಟೆಗೆ ಇತ್ತು.